ಬರಿಗೈ ಕೂಗು

ತಮಿಳುನಾಡಿನ ಕಂಬಂನಲ್ಲಿ ನಮ್ಮ ಜನ ಒಬ್ಬ ಮನುಷ್ಯನ ಗಂಟಲನ್ನು ಸಾಕುತ್ತಿದ್ದರು. ಅವನ ಹೆಸರು ರಾಮರ್. ಐಸು ಹಾಕಿದ ಕಬ್ಬಿನ ಹಾಲಿನ ಲೋಟಕ್ಕೆ ಅವನು ಕೈ ಚಾಚಿದರೆ ಬಸ್ ಸ್ಟ್ಯಾಂಡಿನ ಅಂಗಡಿಯವನೇ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಬೀಡಿ ಕೂಡದು. ಸಾವಿನ ಮನೆಯಲ್ಲಿ ಗಟ್ಟಿಯಾಗಿ ಅಳಕೂಡದು. ಹೆಂಡತಿ ಚೆಲ್ಲಮ್ಮಾಳ್ ಜೊತೆ ಜಗಳವಾಡಿದರೂ ಮೆಲ್ಲಗೆ ಆಡಬೇಕು. ಚೆಲ್ಲಮ್ಮಾಳ್‌ಗೆ ಅಂಥ ಕಟ್ಟುಪಾಡೇನೂ ಇರಲಿಲ್ಲವಾದ್ದರಿಂದ ಜಗಳಗಳನ್ನೆಲ್ಲ ಅವಳೇ ಗೆಲ್ಲುತ್ತಿದ್ದಳು.

ಇಷ್ಟೆಲ್ಲ ಯಾಕೆಂದರೆ, ನಮ್ಮ ದೇವರ ದನಗಳನ್ನು ಕೂಗಿ ಕರೆಯುವ ಹಕ್ಕು ರಾಮರ್‌ನ ಮನೆತನದ್ದು. ನಾವು ಕನ್ನಡ ಮಾತಾಡುವ ಒಕ್ಕಲು ಮಕ್ಕಳು. ಯಾವುದೋ ಕಾಲದಲ್ಲಿ ದನ ಹೊಡೆದುಕೊಂಡು ಈ ಕಣಿವೆಗೆ ಇಳಿದವರು, ಇಲ್ಲೇ ನಿಂತೆವು. ಜೊತೆಗೆ ಬಂದ ದನಗಳ ಸಂತತಿಯನ್ನು ದೇವರ ಹೆಸರಿನಲ್ಲಿ ಒಂದು ದೊಡ್ಡಿಯಲ್ಲಿ ಇಟ್ಟಿದ್ದೇವೆ. ಅವುಗಳ ಹಾಲು ಮಾರುವುದಿಲ್ಲ, ಹೆಗಲಿಗೆ ನೊಗ ಇಡುವುದಿಲ್ಲ. ಅವುಗಳಲ್ಲಿ ಒಂದು ಪಟ್ಟದ ಹೋರಿ. ಸಂಕ್ರಾಂತಿಯ ಮರುದಿನ ಬರುವ ದನಗಳ ಹಬ್ಬ ಮಾಟ್ಟುಪೊಂಗಲ್ ದಿನ ಮಂದೆಯ ಮುಂದೆ ಕಬ್ಬಿನ ಹೊರೆ ಇಡುತ್ತೇವೆ. ಯಾವ ಹೋರಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಅದು ಸಾಯುವವರೆಗೆ ನಮ್ಮ ಮನೆಗಳ ಮದುವೆ ಮುಂಜಿಗಳಿಗೆ ಅದರ ಮುಂದೆ ಕೈಮುಗಿದೇ ಹೊರಡುವುದು.

ನಾನು ಕಾರ್ತಿಕೇಯನ್, ದ್ರಾಕ್ಷಿ ಬೆಳೆದು ಬೆಂಗಳೂರಿಗೆ ಲೋಡು ಕಳಿಸುವವನು. ಕನ್ನಡ ಅಕ್ಷರ ಕಲಿತದ್ದು ಅಲ್ಲಿನ ಮಾರ್ಕೆಟ್ಟಿನ ಬೋರ್ಡು ಓದಿ ಓದಿ. ನಮ್ಮೂರಲ್ಲಿ ಮಾತಿದೆ, ಅಕ್ಷರವಿಲ್ಲ. ಹಾಗಾಗಿ ರಾಮರ್‌ನ ಬಗ್ಗೆ ಬರೆಯುವ ಕೆಲಸ ನನ್ನ ತಲೆಗೇ ಬಂತು. ಬರೆಯಲು ಖುಷಿಯೇನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ಕೂಗಿನಲ್ಲಿ ಪದಗಳು ಹೆಚ್ಚಿಲ್ಲ. ‘ಬಾ ನನ್ನಪ್ಪಾ, ಬಾ’ ಅನ್ನುವಷ್ಟೇ. ಆದರೆ ಅದು ಹೊಟ್ಟೆಯ ಆಳದಲ್ಲಿ ಶುರುವಾಗಿ, ಎದೆಗೆ ಬಂದು, ಗಂಟಲಲ್ಲಿ ಒಡೆದು, ಮೇಲಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು. ಕೇಳಿದವರ ಮೈ ಜುಮ್ಮೆನ್ನುತ್ತಿತ್ತು. ಎಲ್ಲೆಲ್ಲೋ ಚದುರಿದ ದನಗಳು ತಲೆಯೆತ್ತಿ, ಕಿವಿ ನಿಮಿರಿಸಿ, ಓಡೋಡಿ ಬರುತ್ತಿದ್ದವು. ಅದಕ್ಕೊಂದು ಕಟ್ಟಳೆ: ಬರಿಗೈಯಲ್ಲಿ ಕೂಗಬಾರದು. ಕರೆದವನ ಅಂಗೈಯಲ್ಲಿ ಉಪ್ಪಾದರೂ ಇರಬೇಕು. ಓಡಿ ಬಂದ ದನ ನೆಕ್ಕಲು ಏನೂ ಇಲ್ಲದೆ ಹಿಂತಿರುಗಿದರೆ ಅದು ನಂಬಿದವರಿಗೆ ಮಾಡಿದ ಮೋಸ ಎಂದು ರಾಮರ್‌ನ ಅಪ್ಪ ಅವನಿಗೆ ಕಲಿಸಿದ್ದರು. ರಾಮರ್‌ನ ಅಂಗಿ ಜೇಬು ಯಾವಾಗಲೂ ಉಪ್ಪಿನ ತೇವಕ್ಕೆ ಕರೆಗಟ್ಟಿರುತ್ತಿತ್ತು.

ಹಿಂದೆಲ್ಲ ಕಣಿವೆಯಲ್ಲಿ ಭತ್ತ ನಿಂತಿರುವ ತಿಂಗಳುಗಳಲ್ಲಿ ಮಂದೆ ಬೆಟ್ಟ ಹತ್ತುತ್ತಿತ್ತು. ಮೂಡಲ ಬೆಟ್ಟದ ನಡುವೆ ತೊಟ್ಟಿಪಾರೆ ಎಂಬ ಹಾಸುಬಂಡೆಯಿದೆ. ಬಂಡೆಯ ಗುಂಡಿಯಲ್ಲಿ ಬೇಸಿಗೆಯಲ್ಲೂ ನೀರು. ಪಕ್ಕದಲ್ಲಿ ಅರ್ಧ ಕುಸಿದ ಕಲ್ಲುಮಂಟಪ, ಅದರ ಮುಂದೊಂದು ವೀರಗಲ್ಲು; ದನಗಳ ನಡುವೆ ಕೋಲು ಹಿಡಿದು ನಿಂತ ಮನುಷ್ಯ. ರಾಮರ್ ಹುಡುಗನಾಗಿದ್ದಾಗ ವರ್ಷದ ಅರ್ಧ ಅಲ್ಲೇ ಇರುತ್ತಿದ್ದ. ಆಮೇಲೆ ಕಾಡಿಗೆ ಕಾವಲು ಬಂತು, ದನಗಳಿಗೆ ಬಾಗಿಲು ಮುಚ್ಚಿತು. ಮಂದೆ ಕೆಳಗಿನ ಕುಯಿಲಾದ ಗದ್ದೆಗಳಲ್ಲಿ, ತೆಂಗಿನ ತೋಪುಗಳಲ್ಲಿ ಮೇಯತೊಡಗಿತು. ಅದಾಗಿ ಎಷ್ಟೋ ವರ್ಷಗಳ ಮೇಲೆ ಬೆಟ್ಟದ ಬುಡದಲ್ಲಿ ಗೇಟು, ಟಿಕೆಟ್ ಕೌಂಟರು, ಕಸ ಹಾಕಬೇಡಿ ಎಂಬ ಬೋರ್ಡು ಎದ್ದವು. ಜನ ನಡೆದು ಹತ್ತಿ ತೊಟ್ಟಿಪಾರೆ ನೋಡಿ ಬರಬಹುದು ಎಂದಾಯಿತು.

“ದನ ಓಗ್ಬಾರ್ದು, ಸೆಲ್ಫಿ ಕೋಲು ಓಗಬೋದಾ? ಯಾವೂರ್ ನಾಯಂ ಇದು?” ಎಂದು ನಾನು ಕೂಗಾಡಿದೆ.

ರಾಮರ್‌ನಿಗೆ ಕೋಪ ಬರಲೇ ಇಲ್ಲ. “ಇಲ್ಲೆ ಅಣ್ಣಾ, ಕಾಡು ಸೆಂದಾಗದೆ. ನಾವ್ ಮೇಯ್ಸಿ ಮೇಯ್ಸಿ ಬೋಳಾಗಿದ್ ಜಾಗದಾಗೆ ಪುಲ್ಲು ಮೊಳಕಾಲ್ಗಂಟ ಬಂದದೆ. ನಂಗೆ ಮೇಲೆ ಓಗಾಕೆ ಬಿಟ್ರೆ ಪೋದುಂ, ಅಷ್ಟೇ ಸಾಕು,” ಎಂದ. ಬೆಟ್ಟದ ಮೇಲಿನ ಆಸೆ ಅವನ ಮುಖದ ಮೇಲೇ ಇತ್ತು, ಬಚ್ಚಿಡಲು ಬರುತ್ತಿರಲಿಲ್ಲ.

ಅವನ ಆಸೆ ನೆರವೇರಿದ್ದು ಶಿವಬಾಲನ್‌ನಿಂದ. ಈತ ಚಿನ್ನಾಳಪಟ್ಟಿಯ ನೇಕಾರರ ಮನೆಯ ಹುಡುಗ. ಮಗ್ಗ ಬಿಟ್ಟು ವ್ಯಾನಿನಲ್ಲಿ ಪ್ರವಾಸಿಗಳನ್ನು ಸುತ್ತಿಸುವ ಕೆಲಸ ಹಿಡಿದಿದ್ದ. ಶನಿವಾರ ಬೆಳಿಗ್ಗೆ ದಿಂಡಿಗಲ್ಲಿನ ಬಂಡೆಕೋಟೆ ಹತ್ತಿಸುವುದು, ಇಳಿದ ಮೇಲೆ ಬಿರಿಯಾನಿ, ಹೆಂಗಸರಿಗೆ ಚಿನ್ನಾಳಪಟ್ಟಿ ಸೀರೆ, ಭಾನುವಾರ ತೊಟ್ಟಿಪಾರೆ ನಡಿಗೆ. ಒಳ್ಳೆಯ ಹುಡುಗ, ಬಾಯಿ ಮಾತ್ರ ಸ್ವಲ್ಪ ಜಾಸ್ತಿ. ಬೆಟ್ಟದ ದಾರಿ ಬಲ್ಲವನೊಬ್ಬ ಬೇಕೆಂದು ರಾಮರ್‌ನನ್ನು ಹಿಡಿದ. ಮೊದಲ ಭಾನುವಾರ ಮೇಲೆ ಹೋಗಿ ಬಂದ ರಾಮರ್ ಮಗಳ ಮದುವೆ ಗೊತ್ತಾದವನ ಹಾಗೆ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ನನಗೂ ಸಂತೋಷವಾಯಿತು, ಸುಳ್ಳು ಹೇಳಲಾರೆ.

ವೀರಗಲ್ಲಿನ ಮುಂದೆ ನಿಂತು ಅವನು ದನಗಳ ಕಥೆ ಹೇಳುತ್ತಿದ್ದ. ಒಂದು ಸಲ ಚೆನ್ನೈ ಕಡೆಯಿಂದ ಬಂದ ಒಬ್ಬ ಹೆಂಗಸು, ಆ ಕೂಗು ಹೇಗಿರುತ್ತದೆ, ಒಂದೇ ಸಲ ಕೇಳಿಸಿ ಎಂದಳು. ರಾಮರ್ ಆಗಲ್ಲ ಎಂದ. ಎಲ್ಲರೂ ಸೇರಿ ಬೇಡಿದರು. ಆಗ ಅವನು ಜೇಬಿನಿಂದ ಉಪ್ಪಿನ ಹರಳು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡ. ಕೈಯಲ್ಲಿ ಉಪ್ಪಿದೆಯಲ್ಲ, ಬರಿಗೈಯಲ್ಲ ಎಂದು ತನಗೆ ತಾನೇ ಹೇಳಿಕೊಂಡು ಕೂಗಿದ.

ಎದುರಿನ ಬೆಟ್ಟ ಅದನ್ನು ಹಿಂದಕ್ಕೆ ಕೊಟ್ಟಿತು. ಜನ ಚಪ್ಪಾಳೆ ತಟ್ಟಿದರು. ಕೇಳಿದ ಹೆಂಗಸು ಕಣ್ಣೊರೆಸಿಕೊಂಡಳು. ದನಗಳು ಯಾವತ್ತೂ ಚಪ್ಪಾಳೆ ತಟ್ಟಿರಲಿಲ್ಲ. ಊರಿನವರಾದರೂ ಅವನ ಗಂಟಲನ್ನು ಕಾಯ್ದರೇ ಹೊರತು ಚೆನ್ನಾಗಿದೆ ಎಂದು ಒಂದು ಮಾತು ಆಡಿದವರಲ್ಲ. ನಾನೂ ಆಡಿರಲಿಲ್ಲ. ಆ ಸಂಜೆ ಅವನು ನೇರ ದೊಡ್ಡಿಗೆ ಹೋಗಿ ಪ್ರತಿ ದನಕ್ಕೂ ಉಪ್ಪು ನೆಕ್ಕಿಸಿ ಬಂದ. ಬೆಟ್ಟದ ಮೇಲೆ ಕರೆದದ್ದಕ್ಕೆ ಕೆಳಗೆ ಲೆಕ್ಕ ತೀರಿಸಿದೆ ಎಂಬುದು ಅವನ ಸಮಾಧಾನ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಕೂಗು, ಪ್ರತಿ ಭಾನುವಾರ ಸಂಜೆ ಉಪ್ಪು. ಶಿವಬಾಲನ್ ಅದನ್ನು ಪೋನಿನಲ್ಲಿ ಹಿಡಿದು ಲೋಕಕ್ಕೆಲ್ಲ ಬಿಟ್ಟ. ಕೊಡೈಕಾನಲ್‌ಗೆ ಹೊರಟ ವ್ಯಾನುಗಳು ಕೂಡ ಈ ಕಡೆ ತಿರುಗತೊಡಗಿದವು. ರಾಮರ್‌ನ ಮಗಳು ಸರಣ್ಯಾ ತೇನಿಯಲ್ಲಿ ಕಾಲೇಜು ಓದುತ್ತಿದ್ದಳು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ತಮಿಳೇ ಬರುತ್ತದೆ. ಅವಳ ಗೆಳತಿಯರೆಲ್ಲ ‘ನಿಮ್ಮಪ್ಪನಾ?’ ಎಂದು ಕೇಳಿದರಂತೆ. ಅಪ್ಪನ ಕೂಗನ್ನು ತನ್ನ ಪೋನಿನಲ್ಲಿ ಇಟ್ಟುಕೊಂಡು ಹೆಮ್ಮೆಯಿಂದ ಓಡಾಡಿದಳು.

ದೊಡ್ಡಿಯ ಹಿರಿಯ ಮೂಕಯ್ಯ ಕೌಂಡರ್ ಒಂದು ದಿನ ರಾಮರ್‌ನನ್ನು ಕರೆಸಿದರು. ನಾನೂ ಅಲ್ಲಿದ್ದೆ.

“ಏನಪ್ಪಾ, ದ್ಯಾವ್ರು ಕೊಟ್ ಕೂಗ್ನ ಟೂರ್ ಬಂದವ್ರಿಗೆ ತೋರಿಸ್ತೀಯಂತೆ?”

“ಕೈಯಾಗೆ ಉಪ್ಪು ಇಟ್ಕೊಂಡೇ ಕೂಗ್ತೀನಿ ಅಯ್ಯಾ. ಸಾಯಂಕಾಲ ದನಕ್ಕೆ ಕೊಟ್ಬಿಡ್ತೀನಿ.”

“ನೀ ಕೊಡ್ತೀಯ. ಆ ಪೋನು ಕೊಡ್ತದಾ?”

ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮೂಕಯ್ಯ ಕೌಂಡರ್ ಆಮೇಲೆ ಮೆಲ್ಲಗೆ ಕನ್ನಡಕ ಹಾಕಿಕೊಂಡು, ಬೆಂಗಳೂರಿನ ನೆಂಟರು ಅದೇ ವಿಡಿಯೋ ಕಳಿಸಿ ಹೊಗಳಿದ್ದನ್ನು ನನಗೆ ತೋರಿಸಿದರು. ಮುಖದ ಮೇಲಿನ ನಗುವನ್ನು ಅವರಿಗೆ ಅದುಮಲಾಗಲಿಲ್ಲ. ಬೈಯಲು ಕರೆಸಿದವರೇ ಕಾಫಿ ಕೊಟ್ಟು ಕಳಿಸಿದರು. ನಮ್ಮ ಜನವೇ ಹೀಗೆ. ಬೇಡ ಎಂದು ಗಟ್ಟಿಯಾಗಿ ಹೇಳುವ ಹೊತ್ತಿನಲ್ಲಿ ನಮಗೆ ಕಾಫಿ ನೆನಪಾಗುತ್ತದೆ.

ಮಾರ್ಗಳಿ, ಅಂದರೆ ಧನುರ್ಮಾಸದ ಒಂದು ಶನಿವಾರ ರಾಮರ್ ಮಗಳ ಕಾಲೇಜಿನ ಕೆಲಸಕ್ಕೆಂದು ತೇನಿಗೆ ಹೋಗಿದ್ದ. ಹಿಂದಿನ ವಾರವೆಲ್ಲ ಮಳೆ. ತೊಟ್ಟಿಪಾರೆಯ ಕೆಳಗಿನ ಹಳ್ಳ ತುಂಬಿ, ಬಂಡೆಗಳ ಮೇಲೆ ಪಾಚಿ ಕಟ್ಟಿತ್ತು. ಯಾವುದೋ ಊರಿನ ಗೆಳೆಯರ ಗುಂಪೊಂದು, ಶಿವಬಾಲನ್‌ನ ಗುಂಪಲ್ಲ, ತಾವಾಗಿಯೇ ಟಿಕೆಟ್ ತೆಗೆದು ಹತ್ತಿತ್ತು. ವಿಡಿಯೋದಲ್ಲಿ ನೋಡಿದ ಜಾಗ, ವಿಡಿಯೋದಲ್ಲಿ ಕೇಳಿದ ಮಾರ್ದನಿ. ಜೊತೆಗೆ ತಂದ ಸ್ಪೀಕರು ಬಂಡೆಯ ಮೇಲಿಟ್ಟು ರಾಮರ್‌ನ ಕೂಗನ್ನು ಹಾಕಿದರು. ಬೆಟ್ಟ ಉತ್ತರ ಕೊಟ್ಟಿತು. ಖುಷಿಯಾಗಿ ಮತ್ತೆ ಹಾಕಿದರು, ಮತ್ತೆ ಮತ್ತೆ ಹಾಕಿದರು.

ರಾಮರ್ ಒಂದು ಸಲ ಕೂಗಿ ನಿಲ್ಲಿಸುತ್ತಿದ್ದ. ಕೆಳಗಿನ ದನಗಳು ತಲೆಯೆತ್ತಿ, ಕೂಗು ನಿಂತದ್ದು ತಿಳಿದು ಮತ್ತೆ ಮೇಯುತ್ತಿದ್ದವು. ಈ ಕೂಗು ನಿಲ್ಲಲಿಲ್ಲ. ಪಟ್ಟದ ಹೋರಿ, ಮಯಿಲ ಎಂದು ಅದರ ಹೆಸರು, ಗದ್ದೆಯ ಬದು ಹಾರಿತು. ಮಂದೆಯ ಹಳೆಯ ದಾರಿಗೆ ಬೇಲಿ ಬಿದ್ದಿದ್ದರಿಂದ ಅದು ಹಳ್ಳಕ್ಕೆ ಇಳಿದು ನೀರೊಳಗಿಂದಲೇ ಬಂಡೆ ಬಂಡೆ ಹತ್ತತೊಡಗಿತು. ದನ ಕಾಯುತ್ತಿದ್ದ ಮಾಯಾಂಡಿ ಮುದುಕ. ಹಿಂದೆ ಓಡಿ ಸಾಕಾಗಿ ಬಿದ್ದು, ಎದ್ದು ನನಗೆ ಪೋನು ಮಾಡಿದ. ನಾನು ತೋಟದ ಆಳುಗಳನ್ನೂ ಹಗ್ಗವನ್ನೂ ಟ್ರ್ಯಾಕ್ಟರಿಗೆ ಹಾಕಿಕೊಂಡು ಹೊರಟೆ. ರಾಮರ್‌ನಿಗೂ ಹೇಳಿದೆ. ಹೇಳಿದ ಮೇಲೆ ಯಾಕೆ ಹೇಳಿದೆನೋ ಅನ್ನಿಸಿತು.

ತೊಟ್ಟಿಪಾರೆಯ ಕೆಳಗೇ, ಇನ್ನೇನು ಬಂಡೆ ತಲುಪುವಷ್ಟರಲ್ಲಿ, ಮಯಿಲ ಜಾರಿ ಬಿದ್ದಿತ್ತು. ಸೊಂಟ ಮುರಿದು ಹಿಂಗಾಲುಗಳು ಸತ್ವವಿಲ್ಲದೆ ಮಡುವಿನ ನೀರಲ್ಲಿ ತೇಲುತ್ತಿದ್ದವು. ಮುಂಗಾಲು ಊರಿ ಇನ್ನೂ ಮೇಲಕ್ಕೇ ಹತ್ತಲು ನೋಡುತ್ತಿತ್ತು. ಆ ಹುಡುಗರು ನೀರಿಗಿಳಿದು ಅದರ ತಲೆಯನ್ನು ಎತ್ತಿ ಹಿಡಿದಿದ್ದರು. ಹಿಡಿಯದಿದ್ದರೆ ನಾನು ಅವರಲ್ಲಿ ಒಬ್ಬನಿಗಾದರೂ ಹೊಡೆಯುತ್ತಿದ್ದೆ, ಅಷ್ಟು ಸಿಟ್ಟು ಬಂದಿತ್ತು. ಒಬ್ಬಳು ಹುಡುಗಿ ಅಳುತ್ತ, ನಾವು ಏನೂ ಮಾಡಲಿಲ್ಲ ಸಾರ್, ಹಾಡು ಕೇಳುತ್ತಿದ್ದೆವು, ಅದೇ ಬಂತು ಎಂದಳು. ಹಾಡು! ನಾನು ಹಲ್ಲು ಕಚ್ಚಿಕೊಂಡೆ.

ರಾಮರ್ ಬಂದಾಗ ಹೊತ್ತು ಇಳಿಯುತ್ತಿತ್ತು. ನೀರಿಗಿಳಿದು ಅದರ ಮುಖದ ಮುಂದೆ ಕುಳಿತು ಅಂಗೈಯಲ್ಲಿ ಉಪ್ಪು ಹಿಡಿದ. ಮಯಿಲ ಮೂಸಿತು. ನಾಲಿಗೆ ಹೊರಗೆ ಬರಲಿಲ್ಲ.

“ನಾ ಕೂಪಿಡ್ಲಿಲ್ಲೋ ಅಪ್ಪಾ, ನಾ ಕರೀಲಿಲ್ಲ. ನಾ ಇಲ್ಲೇ ಇರ್ಲಿಲ್ಲ. ನಾ ತೇನಿಲಿದ್ದೆ,” ಎಂದು ಅದಕ್ಕೆ ಹೇಳಿದ. ಮತ್ತೆ ಮತ್ತೆ ಅದನ್ನೇ ಹೇಳಿದ. ದನಕ್ಕೆ ತೇನಿ ಎಂದರೇನು ಗೊತ್ತು, ಅದಕ್ಕೆ ಕೇಳಿಸಿದ್ದು ಅವನ ದನಿ. ನಾವು ಹಗ್ಗ ಕಟ್ಟಿ ಮೇಲೆತ್ತುವಷ್ಟರಲ್ಲಿ ಉಸಿರು ನಿಂತಿತ್ತು.

ಪಟ್ಟದ ಹೋರಿಗೆ ಮಾಡಬೇಕಾದದ್ದನ್ನೆಲ್ಲ ಮಾಡಿದೆವು. ಅರಿಶಿನ ಹಚ್ಚಿ, ಹೊಸ ಪಂಚೆ ಹೊದೆಸಿ, ಮನೆಗೊಬ್ಬರಂತೆ ಹಿಂದೆ ನಡೆದು ದೊಡ್ಡಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಎಲ್ಲ ಮುಗಿದ ಮೇಲೆ ರಾಮರ್ ಮೂಕಯ್ಯ ಕೌಂಡರ್ ಕಾಲಿಗೆ ಬಿದ್ದು ತನಗೊಂದು ದಂಡ ಹಾಕಿ ಎಂದು ಬೇಡಿದ.

“ನೀ ಏನ್ ಮಾಡ್ದೆ? ಊರಲ್ಲೇ ಇರ್ಲಿಲ್ಲ. ಏಳು, ಓಗಿ ಊಟ ಮಾಡು,” ಎಂದರು ಅವರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಒಂದು ದಂಡ ಹಾಕಿದ್ದರೆ, ಒಂದು ವರ್ಷ ದೊಡ್ಡಿಯ ಸಗಣಿ ಬಾಚು ಎಂದಿದ್ದರೆ, ಅವನು ಬದುಕಿಕೊಳ್ಳುತ್ತಿದ್ದ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ತಪ್ಪೇ ಇಲ್ಲ ಎಂದವರ ಮುಂದೆ ಅವನು ಏನನ್ನು ತೀರಿಸಬೇಕು?

ಮರುದಿನ ಸಂಜೆ ದನಗಳನ್ನು ದೊಡ್ಡಿಗೆ ಕರೆಯಲು ಹೋದ. ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ಮಾತಾಡಲು ಬರುತ್ತಿತ್ತು, ಕೂಗಲು ಮಾತ್ರ ಆಗುತ್ತಿರಲಿಲ್ಲ. ಡಾಕ್ಟರು ಬೆಳಕು ಬಿಟ್ಟು ನೋಡಿ ಗಂಟಲಲ್ಲಿ ಏನೂ ತೊಂದರೆಯಿಲ್ಲ ಎಂದರು. ಚೆಲ್ಲಮ್ಮಾಳ್ ಮೆಣಸಿನ ಕಷಾಯ ಕುಡಿಸಿದಳು, ಹರಕೆ ಹೊತ್ತಳು, ಕೊನೆಗೆ ಅವನ ಜೊತೆ ಜಗಳವಾಡುವುದನ್ನೇ ಬಿಟ್ಟಳು. ಮಾಯಾಂಡಿ ಕೋಲು ಹಿಡಿದು ದನಗಳನ್ನು ಅಟ್ಟಿಕೊಂಡು ಬರತೊಡಗಿದ.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಪೊಂಗಲ್ ಹತ್ತಿರ ಬಂದಿತ್ತು. ಮಂದೆಗೆ ಹೊಸ ಪಟ್ಟದ ಹೋರಿ ಆಗಬೇಕು. ಆ ದಿನ ದನಗಳನ್ನು ಕೋಲಿನಿಂದ ಅಟ್ಟುವಂತಿಲ್ಲ; ಕೂಗಿಗೆ ತಾವಾಗಿ ಓಡಿ ಬಂದು ಕಬ್ಬಿಗೆ ಬಾಯಿ ಹಾಕಬೇಕು. ಕೂಗಲು ಬಲ್ಲವನು ರಾಮರ್ ಒಬ್ಬನೇ. ಗಂಡುಮಕ್ಕಳಿಲ್ಲ, ತಮ್ಮನ ಮಗ ತಿರುಪ್ಪೂರಿನಲ್ಲಿ ಬನಿಯನ್ ಹೊಲಿಯುತ್ತಾನೆ. ಸರಣ್ಯಾಗೆ ಕಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ರಾಮರ್ ದಿನಾ ನನ್ನ ದ್ರಾಕ್ಷಿ ಚಪ್ಪರದ ಕೆಳಗೆ ಬಂದು ಯತ್ನಿಸುತ್ತಿದ್ದ. ಅಲ್ಲಾದರೆ ಯಾರಿಗೂ ಕೇಳಿಸದು ಎಂದು. ಕುತ್ತಿಗೆಯ ನರಗಳು ಉಬ್ಬುತ್ತಿದ್ದವು, ಕಣ್ಣಲ್ಲಿ ನೀರು ಬರುತ್ತಿತ್ತು.

“ಬಾ ಅನ್ನಾಕೆ ಓದ್ರೆ ಆ ಬಂಡೆ ಕಣ್ಮುಂದೆ ಬತ್ತದೆ ಅಣ್ಣಾ. ಅದು ಮುಂಗಾಲು ಊರ್ಕೊಂಡು ನನ್ ಕಡೆಗೇ ಬತ್ತಾ ಇತ್ತು. ನಾನೇ ಇಲ್ದಿರೋ ನನ್ ಕಡೆಗೆ,” ಎಂದ. “ಪೊಂಗಲ್‌ಗೆ ಕೂಗ್ದೆ ಓದ್ರೆ ನಾ ಯಾತುಕ್ ಇರ್ಬೇಕು, ನೀನೇ ಯೋಳು?”

ನಾನು ಎಲ್ಲ ಸರಿಹೋಗುತ್ತೆ ಎಂದೆ. ಹಾಗೆನ್ನುವುದು ಬಿಟ್ಟು ನನಗೆ ಬೇರೆ ಏನೂ ಗೊತ್ತಿರಲಿಲ್ಲ.

ಮಾಟ್ಟುಪೊಂಗಲ್ ದಿನ ದೊಡ್ಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಬೆಂಗಳೂರು, ಮದುರೆ, ಕೊಯಮತ್ತೂರಿನಿಂದೆಲ್ಲ ನಮ್ಮವರು ಬಂದಿದ್ದರು. ಶಿವಬಾಲನ್ ಕೂಡ ಬಂದಿದ್ದ; ಪೋನನ್ನು ಜೇಬಿನಿಂದ ಹೊರಗೆ ತೆಗೆಯದೆ ತಲೆ ತಗ್ಗಿಸಿ ದೂರ ನಿಂತಿದ್ದ. ಕಬ್ಬಿನ ಹೊರೆ ಇಟ್ಟಾಯಿತು. ಮಂದೆ ತೋಪಿನ ಆಚೆ ತುದಿಯಲ್ಲಿತ್ತು. ರಾಮರ್ ಬಿಳಿ ಪಂಚೆಯುಟ್ಟು, ಅಂಗೈಯಲ್ಲಿ ಉಪ್ಪು ಹಿಡಿದು ಮುಂದೆ ಬಂದ. ತಮಟೆ ನಿಂತಿತು.

ಅವನು ಬಾಯಿ ತೆರೆದ. ಉಸಿರು ಮಾತ್ರ ಹೊರಟಿತು. ಇನ್ನೊಮ್ಮೆ ಎದೆ ತುಂಬಿಕೊಂಡ. ಏನೂ ಬರಲಿಲ್ಲ. ಹಿಂದೆ ಯಾರೋ ಕೆಮ್ಮಿದರು, ಮಗುವೊಂದು ಏನಾಯ್ತು ಎಂದು ಕೇಳಿತು. ಮೂಕಯ್ಯ ಕೌಂಡರ್ ನೆಲ ನೋಡುತ್ತಿದ್ದರು. ಅಷ್ಟು ಜನರ ನಡುವೆ ಅವನು ಬಾಯಿ ತೆರೆದುಕೊಂಡು ನಿಂತಿದ್ದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ.

ಆಗ ಕೂಗು ಕೇಳಿಸಿತು.

ಆಳದಲ್ಲಿ ಶುರುವಾಗಿ, ಎದೆಗೆ ಬಂದು, ಗಂಟಲಲ್ಲಿ ಒಡೆದು ಮೇಲಕ್ಕೆ ಹೋಯಿತು. ಬಂತಲ್ಲ, ದೇವರೇ, ಬಂತಲ್ಲ ಎಂದು ತಿರುಗಿ ನೋಡಿದೆ. ರಾಮರ್‌ನ ಬಾಯಿ ಮುಚ್ಚಿತ್ತು. ಬೇವಿನ ಮರಕ್ಕೆ ಕಟ್ಟಿದ ಲೌಡ್‌ಸ್ಪೀಕರಿನಿಂದ ಬರುತ್ತಿತ್ತು ಅದು. ಮೈಕಿನ ಹತ್ತಿರ ಸರಣ್ಯಾ ನಿಂತಿದ್ದಳು, ಪೋನನ್ನು ಮೈಕಿಗೆ ಒತ್ತಿ ಹಿಡಿದಿದ್ದಳು. ಅಪ್ಪನ ಮರ್ಯಾದೆ ಉಳಿಸಬೇಕು ಎಂಬುದೊಂದೇ ಆ ಹುಡುಗಿಯ ತಲೆಯಲ್ಲಿದ್ದದ್ದು.

ದನಗಳು ಬಂದವು. ತೋಪಿನ ತುಂಬ ಧೂಳೆಬ್ಬಿಸಿಕೊಂಡು, ಕಿವಿ ನಿಮಿರಿಸಿ, ಕರುಗಳು ಕುಣಿಯುತ್ತ, ಎಲ್ಲ ಬಂದವು. ರಾಮರ್ ನಡುದಾರಿಯಲ್ಲಿ ಕೈ ಚಾಚಿ ನಿಂತಿದ್ದ. ಅವನ ಎಡಕ್ಕೂ ಬಲಕ್ಕೂ ಹಾದು ಅವು ಬೇವಿನ ಮರದ ಕೆಳಗೆ ಹೋಗಿ ನಿಂತು ಸ್ಪೀಕರನ್ನು ಮುಖವೆತ್ತಿ ನೋಡಿದವು. ಒಂದು ಹಸು ಕೂಡ ಅವನ ಅಂಗೈ ಮೂಸಲಿಲ್ಲ. ಆಮೇಲೆ ಒಂದು ಎಳೆಯ ಕೆಂದ ಹೋರಿ ಗುಂಪಿನಿಂದ ಈಚೆ ಬಂದು ಕಬ್ಬಿಗೆ ಬಾಯಿ ಹಾಕಿತು. ತಮಟೆ ಬಿತ್ತು, ಹೆಂಗಸರು ನಾಲಿಗೆ ಹೊರಳಿಸಿ ಕುಲವೆ ಹಾಕಿದರು. ಮೂಕಯ್ಯ ಕೌಂಡರ್ ಕಣ್ಣೊರೆಸಿಕೊಂಡು ಸರಣ್ಯಾಳ ತಲೆ ಸವರಿ, ಆ ಕೂಗನ್ನು ದೊಡ್ಡಿಯ ಪೋನಿಗೂ ಹಾಕಿಕೊಡು ತಾಯಿ, ದಿನಾ ಸಾಯಂಕಾಲ ಬೇಕಾಗ್ತದೆ ಎಂದರು.

ಸರಣ್ಯಾ ಜನರನ್ನು ಸರಿಸಿಕೊಂಡು ಓಡಿ ಬಂದಳು. ತಪ್ಪಿ ತಪ್ಪಿ, ನಮ್ಮ ಮಾತಿನಲ್ಲೇ ಕೇಳಿದಳು: “ಅಪ್ಪಾ, ಎಲ್ಲಾ ಬಂದವೆ. ನಾ ಮಾಡಿದ್ ಸೆರಿಯಾ?”

“ಸೆರಿ ನನ್ ಕಣ್ಣು. ಸೆಂದಾಗ್ ಮಾಡ್ದೆ,” ಎಂದ ರಾಮರ್. ಅವಳ ಬೆನ್ನು ತಟ್ಟಿದ, ನಗಲೂ ನೋಡಿದ. ಅವಳು ಕುಣಿಯುತ್ತ ಅಮ್ಮನ ಹತ್ತಿರ ಓಡಿದಳು.

ಅವನು ನನ್ನ ಪಕ್ಕ ಬಂದು ನಿಂತ. ಸ್ಪೀಕರಿನ ಕಡೆ ಕೈ ತೋರಿಸಿದ.

“ಸೆಂದಾಗ್ ಕೂಗ್ತಾನೆ ಅಣ್ಣಾ ಅವ್ನು,” ಎಂದ. “ಇನ್ ಅವ್ನೇ ಸಾಕು ಇವ್ಕೆ.”

ನಾನು ಅವನ ತೋಳು ಹಿಡಿದುಕೊಂಡೆ. ಅವನು ಬಿಡಿಸಿಕೊಂಡು ಮನೆಯ ಕಡೆ ಹೊರಟ; ನಾನು ಅವನನ್ನು ಜೀವಂತ ನೋಡಿದ್ದು ಅದೇ ಕೊನೆ. ಜನ ಹೊಸ ಹೋರಿಗೆ ಹಾರ ಹಾಕುವ ಗಡಿಬಿಡಿಯಲ್ಲಿದ್ದರು, ಅವನು ಹೋದದ್ದನ್ನು ಯಾರೂ ಗಮನಿಸಲಿಲ್ಲ.